ಮತ್ತೆ ಉಬ್ಬಿದ ಗಂಟು

ಇಳಿದುಹೋಗಿದ್ದ ಗಂಟು ಮತ್ತೆ ಉಬ್ಬಿದ್ದನ್ನು ಮೊದಲು ಕಂಡವನು ಹುಲಿಗೆಪ್ಪನೇ. ಗಂಗಾ ಬೆಳಿಗ್ಗೆ ಬಾಗಿಲ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಕೂದಲನ್ನೆಲ್ಲ ಒಂದು ಬದಿಗೆ ಎಳೆದುಕೊಂಡಾಗ ಎಡಗಡೆಯ ಕೊರಳು ಬಯಲಾಯಿತು. ಕಿವಿಯ ಕೆಳಗೆ ನಿಂಬೆಹಣ್ಣಿನಷ್ಟು ಬಾವು. ಅದರ ಕೆಳಗೆ, ಹಿಂದೆ ಏನೂ ಇಲ್ಲದಿದ್ದ ಜಾಗದಲ್ಲಿ, ಇನ್ನೆರಡು ಸಣ್ಣವು. ಮೇಲಿನ ಚರ್ಮ ಕೆಂಪಗೆ ಹೊಳೆಯುತ್ತಿತ್ತು.

“ಯಾವಾಗಿಂದ?” ಎಂದ.

“ನಾಕೈದು ದಿನಾತು.”

“ಹೇಳಬೇಕಿಲ್ಲೇನ?”

“ಹೇಳಿದ್ರ ನೀವು ಕುಂದರಂಗಿಲ್ಲ, ನನ್ನೂ ಕುಂದರಗೊಡಂಗಿಲ್ಲ.”

ಅದು ನಿಜವಾಗಿತ್ತು. ಹುಲಿಗೆಪ್ಪ ಆಗಲೇ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದ.

ಸಿಂಧನೂರಿನ ಕಡೆಯಿಂದ ಬಂದು ಕಮ್ಮನಹಳ್ಳಿಯ ಈ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವರಿಬ್ಬರೂ ನೆಲೆಸಿ ಕೆಲವು ವರ್ಷಗಳಾಗಿದ್ದವು. ಇಂದಿರಾನಗರದಲ್ಲಿ ಏಳುತ್ತಿದ್ದ ಮನೆಗಳ ನೆಲಕ್ಕೆ ಪಾಲಿಶ್ ಮಷಿನ್ ಓಡಿಸುವುದು ಅವನ ಕೆಲಸ. ಗಂಗಾ ರಿಚರ್ಡ್ಸ್ ಟೌನಿನ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಕೊರಳಿನಲ್ಲಿ ಮೊದಲ ಗಂಟು ಕಂಡದ್ದು ಹಿಂದಿನ ಬೇಸಿಗೆಯಲ್ಲಿ. ಆಗ ಹುಲಿಗೆಪ್ಪ ಅವಳನ್ನು ಒಂದು ಕ್ಲಿನಿಕ್ಕಿನಿಂದ ಇನ್ನೊಂದು ಕ್ಲಿನಿಕ್ಕಿಗೆ ಎಳೆದುಕೊಂಡು ತಿರುಗಿದ್ದ. ಒಬ್ಬ ಡಾಕ್ಟರು ಕ್ಯಾಪ್ಸೂಲ್ ಕೊಟ್ಟರು. ವಾರದೊಳಗೆ ಕಡಿಮೆಯಾಗಲಿಲ್ಲವೆಂದು ಹುಲಿಗೆಪ್ಪ ಡಾಕ್ಟರನ್ನೇ ಬದಲಾಯಿಸಿದ. ಇನ್ನೊಬ್ಬರು ಸೂಜಿ ಚುಚ್ಚಿದರು. ಮತ್ತೊಬ್ಬರು ಬೇರೆ ಬಣ್ಣದ ಕ್ಯಾಪ್ಸೂಲ್ ಕೊಟ್ಟರು. ಸಂಜೆಯಾದರೆ ಜ್ವರ, ಊಟ ಸೇರದು, ಗಂಗಾ ಕಡ್ಡಿಯಾದಳು. ಊರಿನಲ್ಲಿ ಅವನ ತಾಯಿ ಸುದ್ದಿ ಕೇಳಿ, “ಅದು ಗಂಡಮಾಲಿ, ಕಬ್ಬಿಣ ಕಾಸಿ ಬರಿ ಹಾಕಿಸ್ರಿ” ಅಂದಳು. ಕೊನೆಗೆ ಹಲಸೂರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗಂಟಿನೊಳಗಿಂದ ಸೂಜಿಯಲ್ಲಿ ಸ್ವಲ್ಪ ದ್ರವ ತೆಗೆದು ಪರೀಕ್ಷೆ ಮಾಡಿದಾಗ ಅದು ಟಿಬಿ ಎಂದು ಗೊತ್ತಾಯಿತು. ಎದೆಯಲ್ಲಲ್ಲ, ಕೊರಳ ಗಂಟಿನಲ್ಲಿ.

ವಾರಕ್ಕೆ ಮೂರು ದಿನ ಮಾತ್ರೆ. ಅದನ್ನು ಮನೆಗೆ ಕೊಡುತ್ತಿರಲಿಲ್ಲ. ಪ್ರತಿಯೊಬ್ಬ ರೋಗಿಗೂ ಅವರ ಹೆಸರು ಬರೆದ ಒಂದು ಪೆಟ್ಟಿಗೆ. ಇಡೀ ಚಿಕಿತ್ಸೆಯ ಮಾತ್ರೆ ಅದರಲ್ಲೇ. ಗಂಗಾಳ ಪೆಟ್ಟಿಗೆ ಅದೇ ಬೀದಿಯಲ್ಲಿ ಸೀರೆಗೆ ಫಾಲ್ ಹೊಲಿಯುವ ಅಂಗಡಿ ಇಟ್ಟಿದ್ದ ಮಜೀದಾಳ ಹತ್ತಿರ ಇತ್ತು. ಹಿಂದೆ ಮಜೀದಾಳ ಗಂಡನೂ ಇದೇ ಮಾತ್ರೆ ತಿಂದು ಗುಣವಾಗಿದ್ದ. ಆಮೇಲೆ ಅವಳೇ ಬೀದಿಯ ರೋಗಿಗಳಿಗೆ ಎದುರಿಗೆ ಕೂರಿಸಿಕೊಂಡು ಮಾತ್ರೆ ನುಂಗಿಸುವ ಕೆಲಸ ಒಪ್ಪಿಕೊಂಡಿದ್ದಳು.

ಮಾತ್ರೆ ಶುರುವಾದ ಮೇಲೆ ಜ್ವರ ಹೋಯಿತು. ಗಂಗಾ ಎರಡು ರೊಟ್ಟಿ ತಿನ್ನುವ ಕಡೆ ಮೂರು ತಿಂದಳು. ಗಂಟು ಕಡಲೆಕಾಳಿನಷ್ಟಾಯಿತು. ಹುಲಿಗೆಪ್ಪ ಎಂದೂ ಇಲ್ಲದವನು ಒಂದು ಭಾನುವಾರ ಅವಳನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಬಳೆ ಕೊಡಿಸಿದ್ದ. ಈಗ ಮೂರನೆಯ ತಿಂಗಳಿನಲ್ಲಿ ಇದು.

ಅವನು ನೇರ ಮಜೀದಾಳ ಅಂಗಡಿಗೆ ಹೋದ. ಅವಳು ಆಗಷ್ಟೇ ಶಟರ್ ಎತ್ತಿ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು.

“ಏನ್ ಮಾತ್ರಿ ಕೊಡಾಕತ್ತೀರಿ ಆಪಾ ನೀವು? ಇದ್ದದ್ದು ಒಂದು ಗಂಟು, ಈಗ ಮೂರಾಗ್ಯಾವ!”

“ಅರೆ, ಕೂಗಾಡ್ಬೇಡಿ ಹುಲಿಗೆಪ್ಪಣ್ಣ. ಸರ್ಕಾರ ಕೊಟ್ಟಿದ್ದೇ ಕೊಡ್ತಾ ಇದೀನಿ. ಒಂದು ದಿನಾನೂ ತಪ್ಸಿಲ್ಲ ಅವ್ಳು.”

“ಮತ್ತ ಹಿಂಗ್ಯಾಕ?”

“ನಂಗೇನು ಗೊತ್ತಾಗತ್ತೆ? ನಾನು ಡಾಕ್ಟರಾ? ಶಿರೀನ್ ಮೇಡಂ ಹತ್ರ ಕರ್ಕೊಂಡೋಗಿ. ಇವತ್ತೇ ಹೋಗಿ.”

ಶಿರೀನ್ ಹಲಸೂರಿನ ಕೇಂದ್ರದ ಡಾಕ್ಟರು, ಫ್ರೇಜರ್ ಟೌನಿನವರು. ಇನ್ನೂ ಚಿಕ್ಕ ವಯಸ್ಸು. ಗಂಗಾಳ ಕೊರಳನ್ನು ಎರಡೂ ಕಡೆ ಒತ್ತಿ ನೋಡಿದರು, ಕಂಕುಳಲ್ಲಿ ನೋಡಿದರು, ತೂಕ ಮಾಡಿಸಿದರು. ಕೆಮ್ಮಿದೆಯಾ, ಜ್ವರ ಬರುತ್ತಾ, ಬೆವರುತ್ತೀರಾ ಎಂದು ಕೇಳಿದರು. ಯಾವುದೂ ಇರಲಿಲ್ಲ. ತೂಕ ಏರಿತ್ತು.

“ನೋಡಿ, ಇದು ಕೆಲವರಿಗೆ ಆಗತ್ತೆ,” ಎಂದು ಅವರು ಹುಲಿಗೆಪ್ಪನ ಕಡೆ ತಿರುಗಿದರು. “ಮೊದ್ಲು ಕ್ರಿಮಿ ಗಂಟಿನೊಳಗೆ ಬದುಕಿತ್ತು. ಅದು ತನ್ನ ಸುತ್ತ ಮೈಯಿನ ಶಕ್ತೀನ ಮಂಕು ಮಾಡಿ ಇಟ್ಟಿರತ್ತೆ. ಇವ್ರ ಮೈಯಂತೂ ಸೋತೇ ಹೋಗಿತ್ತು. ಈಗ ಮಾತ್ರೆ ಕ್ರಿಮೀನ ಸಾಯಿಸ್ತಿದೆ. ಸತ್ತ ಕ್ರಿಮಿ ಒಡೆದು ಚೂರು ಚೂರಾಗತ್ತಲ್ಲ, ಆ ಚೂರು ಕಂಡ ತಕ್ಷಣ ಮೈಗೆ ಎಚ್ಚರ ಆಗತ್ತೆ. ರಕ್ತದಲ್ಲಿರೋ, ಮೈ ಕಾಯೋ ಕಣ ಎಲ್ಲ ಅಲ್ಲಿಗೆ ನುಗ್ಗತ್ತೆ. ಅದಕ್ಕೇ ಬಾವು, ಕೆಂಪು, ಕೀವು. ಮಾತ್ರೆ ಗೆಲ್ತಾ ಇರೋದ್ರಿಂದ್ಲೇ ಊದಿರಬಹುದು.”

“ಇರಬಹುದು ಅಂದ್ರ?” ಹುಲಿಗೆಪ್ಪ ಆ ಒಂದು ಪದವನ್ನೇ ಹಿಡಿದುಕೊಂಡ.

ಶಿರೀನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಇನ್ನೊಂದು ಸಾಧ್ಯತೆ ಇದೆ. ಮಾತ್ರೆಗೆ ಬಗ್ಗದ ಕ್ರಿಮಿ ಆಗಿದ್ರೂ ಗಂಟು ದೊಡ್ಡದಾಗತ್ತೆ. ಹೊರಗಿನಿಂದ ನೋಡಿ ಎರಡಕ್ಕೂ ವ್ಯತ್ಯಾಸ ಹೇಳಕ್ಕಾಗಲ್ಲ. ನಂಗೆ ಮೊದಲನೇದೇ ಅನ್ಸತ್ತೆ, ಯಾಕಂದ್ರೆ ಇವ್ರು ಚೆನ್ನಾಗಿದಾರೆ. ಕೀವು ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅದನ್ನ ಬೆಳೆಯೋಕೆ ಇಡ್ತಾರೆ. ಜೀವ ಇದ್ರೆ ಬೆಳೆಯತ್ತೆ, ಇಲ್ದಿದ್ರೆ ಇಲ್ಲ.”

“ಎಷ್ಟೊತ್ತಿಗೆ ಗೊತ್ತಾಗತೈತ್ರಿ?”

“ಒಂದೂವರೆ ತಿಂಗಳು, ಎರಡು ತಿಂಗಳು. ಈ ಕ್ರಿಮಿ ಬಹಳ ನಿಧಾನ. ಅಲ್ಲೀವರ್ಗೂ ಮಾತ್ರೆ ನಿಲ್ಲಿಸ್ಬೇಡಿ. ಕಾಯ್ಬೇಕು.”

ಕಾಯಬೇಕು. ಆ ಮಾತು ಕಿವಿಗೆ ಬಿದ್ದದ್ದೇ ಹುಲಿಗೆಪ್ಪ ಕುರ್ಚಿಯಿಂದ ಎದ್ದ. ಒಳಗೆ ಗಂಗಾಳ ಕೊರಳಿಗೆ ಸೂಜಿ ಹಾಕುವಾಗ ಅವನು ಹೊರಗೆ ಗೇಟಿನಿಂದ ಬೇವಿನ ಮರದವರೆಗೆ, ಮರದಿಂದ ಗೇಟಿನವರೆಗೆ ನಡೆಯುತ್ತಲೇ ಇದ್ದ.

ಅವನಿಗೊಬ್ಬಳು ಅಕ್ಕ ಇದ್ದಳು, ಅಮೃತಮ್ಮ. ಅವನು ಮೀಸೆ ಮೂಡುವ ವಯಸ್ಸಿನಲ್ಲಿದ್ದಾಗ ಅವಳಿಗೆ ಜ್ವರ ಬಂತು. ತಾಲ್ಲೂಕಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಅಪ್ಪ ರಾಯಚೂರಿನ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರೆ ಡಾಕ್ಟರು, “ಅವಸರ ಯಾಕ? ಕಾಯ್ರಿ, ಇಳೀತೈತಿ,” ಅಂದರು. ಕಾದರು. ಜ್ವರ ಇಳಿಯುವಾಗ ಅಕ್ಕನ ಮೈಯೂ ತಣ್ಣಗಾಗಿತ್ತು. ಅಂದಿನಿಂದ ಹುಲಿಗೆಪ್ಪನಿಗೆ ಯಾರಾದರೂ ಕಾಯಿ ಎಂದರೆ ಕಾಲ ಕೆಳಗಿನ ನೆಲ ಸುಡುತ್ತಿತ್ತು. ಗಂಗಾಳಿಗೆ ಇದು ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಆದರೆ ಅವನು ಅಕ್ಕನ ಹೆಸರೆತ್ತಿದ್ದು ಕಡಿಮೆ.

ಆ ದಿನಗಳಲ್ಲಿ ಅವನಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಪಾಲಿಶ್ ಮಷಿನ್ ಒಂದೇ ಜಾಗದಲ್ಲಿ ತಿರುಗಿ ತಿರುಗಿ ಒಬ್ಬರ ಮನೆಯ ಹಾಲ್‌ನ ನಡುವೆ ನೆಲ ತಗ್ಗಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಬಿಟ್ಟು ಕಮ್ಮನಹಳ್ಳಿಗೆ ಓಡಿಬಂದು, ಗಂಗಾಳ ಕೊರಳು ನೋಡಿ ವಾಪಸು ಹೋಗುತ್ತಿದ್ದ. ರಿಚರ್ಡ್ಸ್ ಟೌನಿನ ಮನೆಯವರು ಬಾವು ನೋಡಿ, ಪೂರ್ತಿ ಗುಣವಾದ ಮೇಲೆ ಬಾ ಎಂದು ಗಂಗಾಳನ್ನು ಕಳಿಸಿಬಿಟ್ಟಿದ್ದರು. ಕೊರಳಿನ ಟಿಬಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಅವಳು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಅವಳು ಮನೆಯಲ್ಲಿ ಕೂತು ಬೇಸರವಾಗಿ ಮಜೀದಾಳ ಅಂಗಡಿಗೆ ಹೋಗಿ ಫಾಲ್ ಹೊಲಿಯಲು ಕಲಿಯತೊಡಗಿದಳು.

ಕೀವಿನ ಮೊದಲ ಪರೀಕ್ಷೆಯ ಫಲಿತಾಂಶ ಕೆಲವೇ ದಿನಗಳಲ್ಲಿ ಬಂತು. ಅದನ್ನು ಕೇಳಲು ಹುಲಿಗೆಪ್ಪ ಒಬ್ಬನೇ ಹೋಗಿದ್ದ.

“ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಂಡಿದೆ,” ಎಂದರು ಶಿರೀನ್.

ಅವನು ಮೇಜಿನ ಮೇಲೆ ಬಾಗಿದ. “ಅಂದ್ರ ಬದುಕ್ಯಾವ?”

“ಹಾಗಲ್ಲ. ಸತ್ತಿರೋದೂ ಹಾಗೇ ಕಾಣತ್ತೆ. ಹೆಣಕ್ಕೂ ಮಲಗಿರೋರಿಗೂ ದೂರದಿಂದ ವ್ಯತ್ಯಾಸ ಗೊತ್ತಾಗಲ್ವಲ್ಲ, ಹಾಗೆ. ಬೆಳೆಯೋಕೆ ಇಟ್ಟಿದಾರೆ. ಅದು ಬರ್ಲಿ.”

ಅವನಿಗೆ ಕೇಳಿಸಿದ್ದು ಹೆಣ ಎಂಬ ಮಾತೊಂದೇ.

ಮಾರನೆಯ ದಿನ ಕೆಲಸದ ಜಾಗದಲ್ಲಿ ಜೊತೆಗಾರ ಜಟ್ಟೆಪ್ಪನಿಗೆ ಎಲ್ಲ ಹೇಳಿದ. ಜಟ್ಟೆಪ್ಪನೂ ಅವನ ಊರಿನ ಕಡೆಯವನೇ. ಅವನು ಬೀಡಿ ಆರಿಸಿ, “ಕ್ರಿಮಿ ಐತಿ ಅಂತ ಅವ್ರ ಬಾಯಿಂದನ ಬಂತಲ್ಲೋ. ಇನ್ನೇನು ನೋಡ್ತಿ? ಕೆ.ಆರ್. ಪುರದಾಗ ಒಬ್ರು ಸರ್ಜನ್ ಅದಾರ. ನಮ್ಮ ಮೇಸ್ತ್ರಿ ತಂಗಿದು ಹಿಂಗ ಗಂಟಿತ್ತು, ಕೊಯ್ದು ಒಗದ್ರು. ಅರ್ಧ ತಾಸಿನ ಕೆಲಸ,” ಎಂದ.

ಅರ್ಧ ತಾಸು. ಎರಡು ತಿಂಗಳು ಕಾಯುವುದರ ಮುಂದೆ ಆ ಮಾತು ಎಷ್ಟು ಹಗುರವಾಗಿ ಕೇಳಿಸಿತು! ಹುಲಿಗೆಪ್ಪ ಮರುದಿನವೇ ರಜೆ ಹಾಕಿದ.

ಮಜೀದಾ ಪೆಟ್ಟಿಗೆ ಕೊಡಲು ಒಪ್ಪಲಿಲ್ಲ. “ಇದು ಇಲ್ಲಿಂದ ಹೊರಗೆ ಹೋಗ್ಬಾರ್ದು ಅಂತ ಹೇಳಿದಾರೆ.”

“ಸರ್ಜನ್ನಗ ತೋರ್ಸಾಕ ಬೇಕು, ಏನ್ ತಿಂದಾಳ ಅಂತ. ಸಂಜೀಗೆ ತಂದು ಕೊಡ್ತೀನಿ. ಆಪಾ, ಆಕಿ ನನ್ನ ಹೇಂತಿ.”

“ಇವತ್ತು ಮಾತ್ರೆ ದಿನ. ಮೊದ್ಲು ನುಂಗ್ಲಿ, ಆಮೇಲೆ ತಗೊಂಡೋಗಿ.”

“ಕೊಯ್ಯೋವಾಗ ಬರೇ ಹೊಟ್ಟ್ಯಾಗಿರಬೇಕು. ಮಾತ್ರಿ ಬ್ಯಾಡ.”

ಗಂಗಾ ಬಾಗಿಲ ಬಳಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಕೊನೆಗೆ ಹುಲಿಗೆಪ್ಪ ಕೈಚಾಚಿ ಕಪಾಟಿನಿಂದ ತಾನೇ ಪೆಟ್ಟಿಗೆ ಎತ್ತಿಕೊಂಡು ಒಂದು ಬಟ್ಟೆಯ ಚೀಲಕ್ಕೆ ಹಾಕಿದ. ತಡೆಯಲು ಚಾಚಿದ ಕೈಯನ್ನು ಮಜೀದಾ ಅವನ ಮುಖ ನೋಡಿ ಹಿಂದೆಗೆದಳು.

ಅದು ಕೆ.ಆರ್. ಪುರದ ತೂಗು ಸೇತುವೆ ಹೊಸದಾಗಿ ತೆರೆದಿದ್ದ ಕಾಲ. ಇಬ್ಬರೂ ರಿಂಗ್ ರೋಡಿಗೆ ನಡೆದು ಹೋಗಿ ಕಾಡುಗೋಡಿಯ ಬಸ್ಸು ಹತ್ತಿದರು. ಜನ ಕಿಕ್ಕಿರಿದಿದ್ದರು. ಗಂಗಾಳಿಗೆ ಸೀಟು ಸಿಕ್ಕಿತು. ಹುಲಿಗೆಪ್ಪ ಚೀಲವನ್ನು ಅವಳ ಸೀಟಿನ ಕೆಳಗೆ ತಳ್ಳಿ ಪಕ್ಕದಲ್ಲಿ ನಿಂತ. ಅವಳು ಸೆರಗನ್ನು ಕೊರಳಿಗೆ ಸುತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಕೊಯ್ದ ಮ್ಯಾಲೆ ಮತ್ತ ಬಂದ್ರ?” ಎಂದು ಕೇಳಿದಳು.

“ಬರಂಗಿಲ್ಲ.”

“ಯಾರು ಹೇಳಿದ್ರು?”

“ಜಟ್ಟೆಪ್ಪ.”

“ಜಟ್ಟೆಪ್ಪ ನೆಲ ತಿಕ್ಕತಾನ, ಕೊರಳು ಕೊಯ್ಯಂಗಿಲ್ಲ.”

ಪಕ್ಕದಲ್ಲಿದ್ದ ಹೆಂಗಸು ನಕ್ಕಳು. ಹುಲಿಗೆಪ್ಪನಿಗೆ ಸಿಟ್ಟು ಬಂತು. ಟಿನ್ ಫ್ಯಾಕ್ಟರಿ ಸ್ಟಾಪು ಬಂದಾಗ ಗಂಗಾಳ ಕೈ ಹಿಡಿದು ಜನರನ್ನು ತಳ್ಳಿಕೊಂಡು ಇಳಿದ. ಬಸ್ಸು ಹೊರಟು ಸೇತುವೆಯ ಕೆಳಗೆ ತಿರುಗಿದ ಮೇಲೆ ಅವನಿಗೆ ಕೈ ಖಾಲಿ ಇದೆ ಎಂದು ತಿಳಿಯಿತು.

“ಪೆಟಗಿ!” ಎಂದು ಕೂಗಿದವನೇ ಓಡತೊಡಗಿದ.

ಲಾರಿಗಳ ನಡುವೆ, ಆಟೋಗಳ ನಡುವೆ ಓಡಿದ. ಒಂದು ಚಪ್ಪಲಿ ಹಾರಿಹೋಯಿತು, ಎತ್ತಿಕೊಳ್ಳಲಿಲ್ಲ. ಬಸ್ಸು ಕಾಣದಾದಾಗ ಆಟೋ ನಿಲ್ಲಿಸಿ ಹತ್ತಿದ. “ಬೇಗ ಹೋಗ್ರೀ, ಆ ಬಸ್ ಹಿಡೀರಿ, ನನ್ನ ಹೇಂತಿ ಔಷಧಿ ಐತಿ ಅದ್ರಾಗ,” ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಮಹದೇವಪುರದಲ್ಲಿ ರಸ್ತೆ ಕಟ್ಟಿಕೊಂಡಿತ್ತು. ಅವನು ಆಟೋದಿಂದ ಇಳಿದು ಓಡಿದ, ಮತ್ತೆ ಹತ್ತಿದ. ಬಸ್ಸು ಸಿಕ್ಕಿದ್ದು ಕಾಡುಗೋಡಿಯ ನಿಲ್ದಾಣದಲ್ಲಿ, ಎಲ್ಲರೂ ಇಳಿದ ಮೇಲೆ. ಕಂಡಕ್ಟರು ಚೀಲವನ್ನು ತನ್ನ ಸೀಟಿನ ಮೇಲೆ ಇಟ್ಟುಕೊಂಡು ಟೀ ಕುಡಿಯುತ್ತಿದ್ದ.

“ಮಾತ್ರೆ ಡಬ್ಬ ಅಂತ ಗೊತ್ತಾಯ್ತು ಗುರು. ಯಾರಾದ್ರೂ ಬರ್ತಾರೆ ಅಂತ ಇಟ್ಕೊಂಡೆ. ಏನು, ಅಷ್ಟೊಂದು ಮುಖ್ಯಾನಾ?”

ಬೆಳಿಗ್ಗೆ ಬೇಡವೆಂದಿದ್ದ ಮಾತ್ರೆಗಾಗಿ ತಾನು ಒಂದೇ ಚಪ್ಪಲಿಯಲ್ಲಿ ಇಷ್ಟು ದೂರ ಓಡಿಬಂದದ್ದು ಆಗ ಹುಲಿಗೆಪ್ಪನ ತಲೆಗೆ ಹೊಳೆಯಿತು. ಚೀಲವನ್ನು ಎದೆಗೆ ಒತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಟಿನ್ ಫ್ಯಾಕ್ಟರಿಗೆ ವಾಪಸು ಬಂದರೆ ಗಂಗಾ ಅಲ್ಲಿರಲಿಲ್ಲ. ಸ್ಟಾಪಿನಲ್ಲಿ ಹೂ ಮಾರುವವಳನ್ನು ಕೇಳಿದ, ಹಣ್ಣಿನ ಗಾಡಿಯವನನ್ನು ಕೇಳಿದ. ಒಬ್ಬಳೇ ಸರ್ಜನ್ ಹತ್ತಿರ ಹೋದಳೇ ಎಂದು ಅವರ ನರ್ಸಿಂಗ್ ಹೋಮಿಗೂ ಹೋಗಿ ಬಂದ. ಎಲ್ಲೂ ಇಲ್ಲ. ಮನೆಗೆ ಬಂದರೆ ಬೀಗ. ಕೊನೆಗೆ ಅವಳು ಕಂಡದ್ದು ಮಜೀದಾಳ ಅಂಗಡಿಯಲ್ಲಿ, ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತ ಕೂತಿದ್ದಳು.

“ಅಲ್ಲೇ ನಿಂದ್ರಬೇಕಿಲ್ಲೇನ? ನಾ ಎಲ್ಲೆಲ್ಲಿ ಹುಡುಕಿದೆ!”

“ನೀವು ಓಡಿದ್ರಿ. ನಾ ಮನಿ ಕಡೆ ನಡದೆ.” ಅವಳು ಸೂಜಿ ಪಕ್ಕಕ್ಕಿಟ್ಟಳು. “ನಾ ಕೊಯ್ಸಿಕೊಳ್ಳಂಗಿಲ್ಲ. ಇದನ್ನ ಅಲ್ಲೇ ಹೇಳಬೇಕಂತಿದ್ದೆ. ನೀವು ಕೇಳಾಕ ನಿಂದರಲಿಲ್ಲ.”

“ಮತ್ತ ನಿನಗೇನರ ಆದ್ರ?”

“ಮೈ ನಂದು. ಜ್ವರ ಬಂದಾಗ ಹೆಂಗಿತ್ತು, ಈಗ ಹೆಂಗೈತಿ, ನನಗ ಗೊತ್ತಿಲ್ಲೇನು? ಆಗ ಕೊಡ ಎತ್ತಾಕ ಆಗ್ತಿದ್ದಿಲ್ಲ. ಈಗ ಹಸಿವು ಆಗತೈತಿ, ನಿದ್ದಿ ಬರತೈತಿ. ಗಂಟು ನೋಯತೈತಿ, ಖರೆ. ಡಾಕ್ಟರು ಹೇಳಿದ್ದು ಸುಳ್ಳಿದ್ರ ಸುಳ್ಳಾಗಲಿ. ಸತ್ರ ನಾ ಒಂದ್ಸಲ ಸಾಯ್ತೀನಿ. ನೀವ್ಯಾಕ ದಿನಾ ಸಾಯ್ತೀರಿ?”

ಹುಲಿಗೆಪ್ಪ ನಿಂತಲ್ಲೇ, “ಅಕ್ಕನ್ನ ನೋಡ್ಕೋತ ಕುಂತಿದ್ವಿ,” ಎಂದ. “ಕಾಯ್ರಿ ಅಂದ್ರು. ನಾನೂ ಅಪ್ಪನೂ ಕಟ್ಟಿ ಮ್ಯಾಲೆ ಕುಂತು ಕಾದ್ವಿ.”

“ಆಕಿಗೆ ಔಷಧಿ ಕೊಟ್ಟು ಕಾಯ್ರಿ ಅಂದ್ರೋ, ಬರೇ ಕಾಯ್ರಿ ಅಂದ್ರೋ?”

ಇಷ್ಟು ವರ್ಷಗಳಲ್ಲಿ ಅವನು ಅದನ್ನು ಯೋಚಿಸಿರಲಿಲ್ಲ. ನೆನಪಿಗೆ ಬಂದದ್ದು ಆ ಡಾಕ್ಟರು ಔಷಧಿಯೆಂದು ಕೊಟ್ಟಿದ್ದ ಒಂದು ಬಾಟಲಿ ಕೆಂಪು ನೀರು ಮಾತ್ರ.

ಮಜೀದಾ ಅವನ ಕೈಯಿಂದ ಚೀಲ ತೆಗೆದುಕೊಂಡು ಪೆಟ್ಟಿಗೆ ಬಿಚ್ಚಿ, ಅಂದಿನ ಮಾತ್ರೆಗಳನ್ನು ಗಂಗಾಳ ಅಂಗೈಗೆ ಹಾಕಿದಳು. “ಮೊದ್ಲು ಇದು. ಜಗಳ ಆಮೇಲೆ ಮಾಡ್ಕೊಳ್ಳಿ,” ಎಂದಳು.

ಆ ವಾರವೇ ದೊಡ್ಡ ಗಂಟು ಒಡೆಯಿತು. ದಿಂಬು ತುಂಬ ಕೀವು. ಹುಲಿಗೆಪ್ಪನ ಕೈ ತಾನಾಗಿಯೇ ಅಂಗಿಯ ಕಡೆ ಹೋಯಿತು, ಓಡಲು. ಆದರೆ ಗಂಗಾ ನೋಡುತ್ತಿದ್ದಳು. ಅವಳನ್ನು ಹಲಸೂರಿಗೆ ಕರೆದೊಯ್ದ. ಶಿರೀನ್ ಶುಚಿ ಮಾಡಿ, ದಿನವೂ ಡ್ರೆಸಿಂಗ್ ಆಗಬೇಕೆಂದು ಹೇಳಿ, ಅವನಿಗೇ ತೋರಿಸಿಕೊಟ್ಟರು. “ನಿಮ್ಗೆ ಸುಮ್ನೆ ಕೂರಕ್ಕಾಗಲ್ಲ ಅಲ್ವಾ? ಈ ಕೆಲಸ ಮಾಡಿ,” ಎಂದರು. ಅವನು ಮಾಡಿದ. ನೀರು ಕಾಯಿಸುವುದು, ಬಟ್ಟೆ ಕುದಿಸುವುದು, ಹತ್ತಿ ಸುತ್ತುವುದು. ನೆಲ ತಿಕ್ಕಿ ಒರಟಾದ ಬೆರಳುಗಳು ಕೊರಳ ಬಳಿ ಹೋದಾಗ ಹಗುರವಾಗುತ್ತಿದ್ದವು. ಒಂದು ದಿನ ಕೀವು ಕಡಿಮೆ, ಒಂದು ದಿನ ಜಾಸ್ತಿ. ಜಾಸ್ತಿಯಾದ ದಿನ ಅವನು ಡ್ರೆಸಿಂಗ್ ಮುಗಿಸಿ ಬೀದಿಯ ಕೊನೆಯವರೆಗೂ ಹೋಗಿ ತಿರುಗಿ ಬರುತ್ತಿದ್ದ; ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಆದರೆ ಡಾಕ್ಟರನ್ನು ಬದಲಾಯಿಸಲಿಲ್ಲ. ಜಟ್ಟೆಪ್ಪ ಕೇಳಿದಾಗ, “ಆಕಿ ಒಲ್ಲೆ ಅಂದಾಳ,” ಎಂದಷ್ಟೇ ಹೇಳಿದ.

ಲ್ಯಾಬಿನಿಂದ ಉತ್ತರ ಬಂದ ದಿನ ಇಬ್ಬರೂ ಜೊತೆಗೇ ಹೋದರು. ಶಿರೀನ್ ಅವರ ಮುಖದಲ್ಲಿ ಏನಾದರೂ ಕಾಣುತ್ತದೋ ಎಂದು ಹುಲಿಗೆಪ್ಪ ಬಾಗಿಲಿನಿಂದಲೇ ನೋಡಿದ. ಅವರು ಬೇರೆ ರೋಗಿಗೆ ಚೀಟಿ ಬರೆಯುತ್ತಿದ್ದರು. ಆಮೇಲೆ ತಲೆ ಎತ್ತಿದರು.

“ಏನೂ ಬೆಳೆದಿಲ್ಲ.”

“ಅಂದ್ರ?”

“ಸತ್ತಿದೆ. ಆ ಕೀವಲ್ಲಿ ಜೀವ ಇರೋ ಒಂದು ಕ್ರಿಮೀನೂ ಬೆಳೀಲಿಲ್ಲ. ಊದಿದ್ದು ಇವ್ರ ಮೈಯೇ.”

“ಎಲ್ಲಾ ಸತ್ತಾವ?”

“ಹಾಗೇ ಅಂದ್ಕೊಳ್ಳಿ. ಆದ್ರೆ ಕೋರ್ಸ್ ಪೂರ್ತಿ ಮುಗಿಸ್ಲೇಬೇಕು.”

“ಮತ್ತ ಊದಿದ್ರ?”

“ಊದಬಹುದು. ಇನ್ನೂ ಸ್ವಲ್ಪ ದಿನ ಹಾಗೇ ಇರತ್ತೆ. ಆಗ ಓಡಿ ಬನ್ನಿ. ಇಲ್ಲಿಗೆ,” ಎಂದು ಶಿರೀನ್ ನಕ್ಕರು.

ಹೊರಗೆ ಬಂದು ಗಂಗಾ ತನಗೆ ಹಸಿವಾಗಿದೆ ಎಂದಳು. ಹಲಸೂರು ಮಾರುಕಟ್ಟೆಯ ಬಳಿ ಇಡ್ಲಿ ತಿಂದರು. ಹುಲಿಗೆಪ್ಪ ಎರಡು ಸಲ, “ಏನೂ ಬೆಳದಿಲ್ಲ ಅಂದ್ರು, ಹೌದಿಲ್ಲೋ?” ಎಂದು ಕೇಳಿದ, ಅವಳು ಎರಡು ಸಲವೂ ಹೌದೆಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದವನು ಹಾಗೇ ನಿದ್ದೆ ಹೋದ. ಹಗಲಿನಲ್ಲಿ ಅವನು ಮಲಗಿದ್ದನ್ನು ಗಂಗಾ ಕಂಡೇ ಇರಲಿಲ್ಲ. ಕಮ್ಮನಹಳ್ಳಿ ಬಂತು, ಹೋಯಿತು. ಅವಳು ಎಬ್ಬಿಸಲಿಲ್ಲ. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತು, ಕಂಡಕ್ಟರು ಬಂದು ಸೀಟು ಬಡಿದಾಗಲೇ ಅವನಿಗೆ ಎಚ್ಚರವಾದದ್ದು.

ಗಾಯ ಮಾಯಲು ಯುಗಾದಿ ಕಳೆಯಿತು. ಅಷ್ಟರಲ್ಲಿ ಇನ್ನೊಂದು ಗಂಟು ಸ್ವಲ್ಪ ಉಬ್ಬಿ, ಒಂದೆರಡು ವಾರ ಹುಲಿಗೆಪ್ಪನನ್ನು ಹಣ್ಣು ಮಾಡಿ, ತಾನಾಗಿಯೇ ಇಳಿಯಿತು. ಕೋರ್ಸು ಮುಗಿಯಿತು. ಕೊರಳಿನಲ್ಲಿ ಸುಕ್ಕುಗಟ್ಟಿದ ಒಂದು ಕಲೆ ಉಳಿಯಿತು. ಅದರ ಕೆಳಗೆ ಅವರೆಕಾಳಿನಷ್ಟು ಒಂದು ಗಟ್ಟಿ ಉಂಡೆ. ಅದು ಇದ್ದರೂ ಇರಬಹುದು, ತೊಂದರೆ ಇಲ್ಲ ಎಂದರು ಶಿರೀನ್. ರಿಚರ್ಡ್ಸ್ ಟೌನಿನವರು ಮತ್ತೆ ಕರೆದರು. ಗಂಗಾ ಹೋಗಲಿಲ್ಲ. ಅವಳಿಗೆ ಫಾಲ್ ಹೊಲಿಯುವುದು ಚೆನ್ನಾಗಿ ಕೈಗೆ ಹತ್ತಿತ್ತು. ಮಜೀದಾಳ ಅಂಗಡಿಯಲ್ಲಿ ಎರಡನೆಯ ಮಷಿನ್ ಬಂತು, ಅದರ ಮುಂದೆ ಅವಳು ಕೂತಳು. ಸೀರೆ ತರುವ ಹೆಂಗಸರು ಕಲೆ ನೋಡಿ ಏನಾಗಿತ್ತು ಎಂದು ಕೇಳಿದರೆ, ಹೊಲಿಯುತ್ತಲೇ, ಮುಚ್ಚಿಡದೆ ಎಲ್ಲ ಹೇಳುತ್ತಿದ್ದಳು.